ಇಂದಿನ ಋಣ, ಮೂರು ಸಾಲು

ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನಲ್ಲಿ ಚಾಂಪಿಯನ್ ರೀಫ್ ಗಣಿ ನೆಲದಿಂದ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗೆ ದುಡಿಯುವವನ ಜೀವ ಹಲವರ ಕೈಯಲ್ಲಿತ್ತು: ಕೇಜ್ ಇಳಿಸಿ ಏರಿಸುವ ಯಂತ್ರದ ಚಾಲಕ, ಬಂಡೆ ಕುಸಿಯದಂತೆ ಆಸರೆ ಕೊಟ್ಟವರು, ಸುರಂಗಕ್ಕೆ ಗಾಳಿ ಹರಿಸಿದವರು. ಅವರಲ್ಲಿ ಎಷ್ಟೋ ಮಂದಿಯ ಮುಖವನ್ನೂ ಅವನು ಕಂಡಿರಲಾರ. ಗಣಿಗೆ ಇಳಿಯದ ನಮ್ಮ ದಿನವೂ ಹೀಗೆಯೇ ಯಾರ್‍ಯಾರದೋ ದುಡಿಮೆಯ ಮೇಲೆ ನಿಂತಿದೆ. ಅವರನ್ನು ದಿನಕ್ಕೊಮ್ಮೆ ನೆನೆದು ಬರೆದಿಡುವ ಅಭ್ಯಾಸಕ್ಕೆ ಕೃತಜ್ಞತೆಯ ದಿನಚರಿ ಎನ್ನುತ್ತಾರೆ.

ಪ್ರಯೋಗಗಳಲ್ಲಿ ಕಂಡದ್ದು

ಅಮೆರಿಕದ ಮನಃಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪು ಹತ್ತು ವಾರ, ವಾರಕ್ಕೊಮ್ಮೆ, ತಮಗಾದ ಒಳಿತುಗಳನ್ನು ಬರೆಯಿತು. ಇನ್ನೊಂದು ಗುಂಪು ಕಿರಿಕಿರಿಗಳನ್ನು ಬರೆಯಿತು. ಮೊದಲ ಗುಂಪಿನವರಿಗೆ ಬದುಕಿನ ಬಗ್ಗೆ ಹೆಚ್ಚು ಸಮಾಧಾನವಿತ್ತು. ನರ-ಸ್ನಾಯು ಕಾಯಿಲೆಯವರು 21 ದಿನ ಹೀಗೆ ಬರೆದಾಗ ಅವರ ನಿದ್ದೆಯೂ ಸುಧಾರಿಸಿತು. 2005ರಲ್ಲಿ ಮನಃಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ಅವರ ತಂಡ, ದಿನದ ಮೂರು ಒಳಿತುಗಳನ್ನೂ ಅವುಗಳ ಕಾರಣವನ್ನೂ ಒಂದು ವಾರ ಬರೆಸಿತು. ಅದರ ಪರಿಣಾಮ ಆರು ತಿಂಗಳ ನಂತರವೂ ಉಳಿದಿತ್ತು.

ಮುಂದೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಈ ಲಾಭ ಇದೆ, ಆದರೆ ಚಿಕ್ಕದು ಎಂದು ತಿಳಿಯಿತು. ಖಿನ್ನತೆಯಿಂದ ಬಳಲುವವರಿಗೆ ವೈದ್ಯರೇ ಬೇಕು, ನೋಟ್‌ಬುಕ್ ಸಾಲದು.

ಬರೆಯುವ ಬಗೆ

ಮೊದಲನೆಯದಾಗಿ, ಯಾರು, ಏನು, ಏಕೆ ಎಂಬುದು ಸಾಲಿನಲ್ಲಿರಲಿ. ‘ಇಂದು ಎಲ್ಲರೂ ಒಳ್ಳೆಯವರಾಗಿದ್ದರು’ ಎಂದು ಬರೆದರೆ ನಾಲ್ಕೇ ದಿನಕ್ಕೆ ಬೇಸರ ಬರುತ್ತದೆ. ‘ಬಂಗಾರಪೇಟೆಯಲ್ಲಿ ಹತ್ತಿದಾಗ ಬೋಗಿ ತುಂಬಿತ್ತು. ಮಾರಿಕುಪ್ಪದಿಂದ ಬಂದ ಅಕ್ಕ ಒಬ್ಬರು ಸರಿದು ಜಾಗ ಕೊಟ್ಟರು. ಸೊಂಟನೋವಿನಲ್ಲಿ ಬೆಂಗಳೂರಿನವರೆಗೆ ನಿಲ್ಲುವುದು ತಪ್ಪಿತು’ ಎಂದು ಬರೆದರೆ ಆರು ತಿಂಗಳಾದ ಮೇಲೂ ಆ ಬೆಳಗು ನೆನಪಿಗೆ ಬರುತ್ತದೆ.

ಎರಡನೆಯದಾಗಿ, ಇರುವುದು ಇಲ್ಲದಿದ್ದರೆ ಎಂದು ಊಹಿಸಿ. ಒಂದು ಒಳಿತು ತಮ್ಮ ಬಾಳಿಗೆ ಬಾರದೇ ಹೋಗಿದ್ದರೆ ಏನಾಗುತ್ತಿತ್ತು ಎಂದು ಬರೆದವರ ಮನಸ್ಸು ಹೆಚ್ಚು ಹಗುರವಾಯಿತೆಂದು 2008ರ ಒಂದು ಅಧ್ಯಯನ ತೋರಿಸಿತು. ಉದಾಹರಣೆಗೆ, 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿದೀಪಗಳಿಗೂ ಮುಂಚೆ. ಆ ತಂತಿ ಬಾರದಿದ್ದರೆ ಗಣಿಯೂ ಊರೂ ಏನಾಗುತ್ತಿದ್ದವು? ನಿಮ್ಮ ಮನೆಯ ನಲ್ಲಿ, ಮಕ್ಕಳ ಮೇಷ್ಟ್ರು, ಪಕ್ಕದ ಮನೆಯವರು, ಇವರ ಬಗ್ಗೆಯೂ ಹೀಗೆ ಕೇಳಿಕೊಳ್ಳಿ.

ಮೂರನೆಯದು ಹೊತ್ತು. ನಸುಕಿನ ರೈಲಿಗೆ ಓಡುವವರಿಗೆ ಬೆಳಿಗ್ಗೆ ಪುರುಸೊತ್ತಿರದು. ರಾತ್ರಿ ಮಲಗುವ ಮುನ್ನ ಐದು ನಿಮಿಷ ಸಾಕು. ಕೆಜಿಎಫ್ ತಮಿಳು, ತೆಲುಗು, ಕನ್ನಡ, ಉರ್ದು ಬೆರೆತ ಊರು. ಯಾವ ಮಾತು ಮೊದಲು ಬಾಯಿಗೆ ಬರುತ್ತದೋ ಅದರಲ್ಲೇ ಬರೆಯಿರಿ. ವಾರಕ್ಕೆ ಮೂರು ಸಲ ಬರೆದವರಿಗಿಂತ ಒಮ್ಮೆ ಬರೆದವರಿಗೇ ಹೆಚ್ಚು ಲಾಭವಾದದ್ದನ್ನು ಮನಃಶಾಸ್ತ್ರಜ್ಞೆ ಸೋನ್ಯಾ ಲ್ಯುಬೊಮಿರ್‌ಸ್ಕಿ ಗುರುತಿಸಿದ್ದಾರೆ. ಪದೇ ಪದೇ ಬರೆದರೆ ಅದು ಬರೀ ರೂಢಿಯಾಗಿಬಿಡಬಹುದು. ಆದ್ದರಿಂದ ದಿನವೂ ಬರೆಯುವುದಾದರೆ ನಿನ್ನೆಯ ಸಾಲನ್ನೇ ಇಂದು ನಕಲು ಮಾಡಬೇಡಿ. ಹೊಸದು ಹೊಳೆಯದ ದಿನ ಹಾಳೆ ಖಾಲಿ ಬಿಡಿ.

ಹಕ್ಕು ಬೇರೆ, ಉಪಕಾರ ಬೇರೆ

2001ರ ಫೆಬ್ರವರಿ 28ರಂದು ಕೆಜಿಎಫ್ ಗಣಿ ಮುಚ್ಚಿತು. ಸಾವಿರಾರು ಕುಟುಂಬಗಳ ಅನ್ನದ ದಾರಿ ಒಂದೇ ದಿನ ಕಡಿದುಹೋಯಿತು. ಬಾಕಿ ಹಣಕ್ಕೆ, ವಾಸದ ಮನೆಗೆ ವರ್ಷಗಟ್ಟಲೆ ಹೋರಾಟ ನಡೆಯಿತು. ಅಂಥ ಮನೆಯವರಿಗೆ ‘ಇದ್ದುದರಲ್ಲಿ ತೃಪ್ತಿಪಡಿ’ ಎಂದು ಉಪದೇಶಿಸುವುದು ಅನ್ಯಾಯ. ದುಡಿದ ಕೂಲಿ, ಕುಡಿಯುವ ನೀರು ಹಕ್ಕುಗಳು. ಯಾರೂ ಮಾಡುವ ಉಪಕಾರಗಳಲ್ಲ. ಗಣಿ ತ್ಯಾಜ್ಯದ ಸೈನೈಡ್ ದಿಬ್ಬದ ಧೂಳು ಮನೆಯೊಳಗೆ ಬಂದರೆ ಅರ್ಜಿ ಬರೆಯಬೇಕು. ಆ ಅರ್ಜಿಗೆ ಜೊತೆಯಾಗಿ ಸಹಿ ಹಾಕಿದ ನೆರೆಯವರ ಹೆಸರು ರಾತ್ರಿಯ ದಿನಚರಿಗೆ ಸೇರಲಿ. ಕೃತಜ್ಞತೆ ಬಾಯಿ ಮುಚ್ಚಿಸಬಾರದು. ಯಾರು ನಮ್ಮ ಪಕ್ಕ ನಿಂತರು ಎಂಬುದನ್ನು ಮರೆಯದಂತೆ ಕಾಯಬೇಕು.

ಉಪ್ಪಿಟ್ಟವರನ್ನು ಮುಪ್ಪಿನವರೆಗೂ ನೆನೆ ಎಂಬುದು ನಮ್ಮಲ್ಲಿ ಹಳೆಯ ಗಾದೆ. ನೆನೆದರಷ್ಟೇ ಸಾಲದು, ಹೇಳಲೂಬೇಕು. ಸೆಲಿಗ್ಮನ್ ತಂಡ ಪರೀಕ್ಷಿಸಿದ ಅಭ್ಯಾಸಗಳಲ್ಲಿ ತಕ್ಷಣಕ್ಕೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟದ್ದು, ಉಪಕಾರ ಮಾಡಿದವರಿಗೆ ಪತ್ರ ಬರೆದು ಖುದ್ದಾಗಿ ತಲುಪಿಸುವುದು. ಇಂದು ರಾತ್ರಿಯೇ ಮೂರು ಸಾಲು ಬರೆಯಿರಿ. ತಿಂಗಳ ಕೊನೆಗೆ ಪುಸ್ತಕದಲ್ಲಿ ಹೆಚ್ಚು ಸಲ ಕಂಡ ಹೆಸರು ಯಾರದೋ, ಅವರ ಮನೆಗೆ ಹೋಗಿ ಆ ಸಾಲುಗಳನ್ನು ಓದಿ ಹೇಳಿ.