ಗಟ್ಟಿತನ ಇರುವುದು ರೆಕ್ಕೆಯ ಬುಡದಲ್ಲಿ

ಮಳೆಗಾಲದಲ್ಲಿ ಚಾರ್ಮಾಡಿ ಕಡೆಯಿಂದ ಗಾಳಿ ಎದ್ದರೆ ಬಣಕಲ್‌ನ ಕಾಫಿ ತೋಟಗಳಲ್ಲಿ ಸಿಲ್ವರ್ ಮರದ ಕೊಂಬೆ ಸೀಳುವುದು ಹೆಚ್ಚಾಗಿ ಕಾಂಡಕ್ಕೆ ಸೇರುವ ಬುಡದಲ್ಲೇ. ಯುದ್ಧವಿಮಾನದ ರೆಕ್ಕೆಗೂ ಅಪಾಯ ಅಲ್ಲೇ. ಆ ಬುಡವನ್ನು ಗಟ್ಟಿ ಮಾಡುವ ವಿದ್ಯೆಗೆ ನಮ್ಮ ಬೆಂಗಳೂರಿನಲ್ಲಿ ಎಂಟು ದಶಕಗಳ ಚರಿತ್ರೆಯಿದೆ.

ವಿಮಾನವನ್ನು 60 ಡಿಗ್ರಿ ವಾಲಿಸಿ, ಎತ್ತರ ಬಿಟ್ಟುಕೊಡದೆ ತಿರುಗಿಸಿದರೆ ರೆಕ್ಕೆ ಹೊರಬೇಕಾದ ಭಾರ ಎರಡರಷ್ಟಾಗುತ್ತದೆ. 80 ಡಿಗ್ರಿಗೆ ವಾಲಿಸಿದರೆ ಹೆಚ್ಚುಕಡಿಮೆ ಆರರಷ್ಟು. ನಮ್ಮ ಯುದ್ಧವಿಮಾನ ತೇಜಸ್ 8 ಜಿ, ಎಂದರೆ ತನ್ನ ತೂಕದ ಎಂಟರಷ್ಟು ಭಾರದ ತನಕ ತಾಳುತ್ತದೆ. ಅಂದರೆ 10 ಟನ್ ವಿಮಾನಕ್ಕೆ 80 ಟನ್ ಹೊರೆ. ಅದರ ಒಂದೂವರೆ ಪಟ್ಟಿಗೂ ರೆಕ್ಕೆ ಮುರಿಯಬಾರದು ಎಂಬುದು ವಿನ್ಯಾಸದ ಕಟ್ಟಳೆ. ಇಂಥ ತಿರುವಿನಲ್ಲಿ ರೆಕ್ಕೆ ಮೇಲಕ್ಕೆ ಬಾಗುತ್ತದೆ. ಮೇಲಿನ ಹೊದಿಕೆ ಒತ್ತಡಕ್ಕೆ ಸುಕ್ಕುಗಟ್ಟಲು ನೋಡುತ್ತದೆ, ಕೆಳಗಿನದು ಜಗ್ಗುತ್ತದೆ. ಬೋಲ್ಟಿನ ತೂತಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟುವುದು ಆ ಕೆಳಮೈಯಲ್ಲೇ. ನನ್ನ ಮಟ್ಟಿಗೆ ಒಂದೇ ಏಟಿಗೆ ಮುರಿಯುವುದಕ್ಕಿಂತ ಇದೇ ಭಯಂಕರ, ಏಕೆಂದರೆ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ನೆಲದ ಮೇಲೆ ಜಾಕ್‌ಗಳಿಂದ ರೆಕ್ಕೆಯನ್ನು ಸಾವಿರಾರು ಸಲ ಬಾಗಿಸಿ ಪರೀಕ್ಷಿಸುತ್ತಾರೆ.

ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ ರೆಕ್ಕೆಯ ಬುಡವನ್ನು ಗಟ್ಟಿ ಮಾಡಲು ಕಂಡುಕೊಂಡ ದಾರಿ ಬಲು ಚಂದ. ರೆಕ್ಕೆಯ ಮುಖ್ಯ ತೊಲೆಯಾದ ಸ್ಪಾರ್‌ನಲ್ಲಿ ಚೌಕ ಕೊಳವೆಗಳನ್ನು ಒಂದರೊಳಗೊಂದು ತೂರಿಸಿದ್ದರು. ಬುಡದಲ್ಲಿ ಎಲ್ಲವೂ ಉಂಟು, ತುದಿಯತ್ತ ಸಾಗಿದಂತೆ ಒಂದೊಂದೇ ಕಡಿಮೆ. ಜರ್ಮನಿಯ ಫೋಕೆ ವುಲ್ಫ್ 190ರಲ್ಲಿ ಮುಖ್ಯ ತೊಲೆ ಒಡಲನ್ನು ಹಾದು ಒಂದು ರೆಕ್ಕೆಯಿಂದ ಇನ್ನೊಂದಕ್ಕೆ ಅಖಂಡವಾಗಿ ಸಾಗುತ್ತಿತ್ತು.

ಆ ವಿಮಾನ ರೂಪಿಸಿದ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೇ ಬಂದರು. ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಕಟ್ಟಿದ, ಯುದ್ಧಕಾಲದಲ್ಲಿ ಕರ್ಟಿಸ್ ಹಾಕ್ ಫೈಟರ್ ಜೋಡಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಅವರನ್ನು ಬರಮಾಡಿಕೊಂಡಿತು. ಇಲ್ಲಿನ ಎಂಜಿನಿಯರುಗಳೊಂದಿಗೆ ಅವರು ರೂಪಿಸಿದ ಯುದ್ಧವಿಮಾನ ಮಾರುತ್ 1961ರ ಜೂನ್ 17ರಂದು ಹಾರಿತು, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿತು. ಎಂಜಿನ್ನಿನ ಬಲ ಸಾಲದೆ ಹೋದದ್ದು ಅದರ ದುರದೃಷ್ಟ. ಮೈಕಟ್ಟು ಮಾತ್ರ ಗಟ್ಟಿ. ಮುಂದೆ ತೇಜಸ್‌ಗೆ ಕಾರ್ಬನ್ ನಾರಿನ ರೆಕ್ಕೆ ರೂಪಿಸುವ ಕೆಲಸದಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ಮುಂಚೂಣಿಯಲ್ಲಿತ್ತು.

ಬೆಂಗಳೂರಿನ ಹಳೆ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂನಲ್ಲಿ ಮಾರುತ್ ಇದೆ. ಮಕ್ಕಳನ್ನು ಕರೆದೊಯ್ದರೆ ಮೂತಿಯ ಮುಂದೆ ಫೋಟೊ ತೆಗೆಸಿ ಹೊರಟುಬಿಡಬೇಡಿ. ರೆಕ್ಕೆ ಒಡಲಿಗೆ ಸೇರುವ ಜಾಗವನ್ನೂ ತೋರಿಸಿ.