ಮೊಂಡನಲ್ಲ, ಅವನಿಗೆ ಕೇಳಿಸುತ್ತಿರಲಿಲ್ಲ

ಯಾದಗಿರಿ ಜಿಲ್ಲೆಯ ಕಡೇಚೂರಿಗೆ ಮದ್ರಸದಲ್ಲಿ ಕಲಿಸಲು ಹೊರಟಾಗ ನಮ್ಮ ಉಮ್ಮ ಕೇಳಿದ್ದು ಒಂದೇ ಮಾತು, "ಅಲ್ಲಿ ಮೀನು ಸಿಗ್ತದಾ?" ಮೀನಿನ ಮಾತಿರಲಿ, ಊರೇ ಬೇರೆ. ಹತ್ತಿ, ತೊಗರಿಯ ಹೊಲಗಳು, ಪಕ್ಕದಲ್ಲೇ ಕೈಗಾರಿಕಾ ಪ್ರದೇಶ, ರೈಲು ಹತ್ತಲು ಸೈದಾಪುರಕ್ಕೆ ಹೋಗಬೇಕು. ನಮ್ಮ ಕಡೆ 'ಉಸ್ತಾದ್' ಅಂತ ಕರೆಯುವವರನ್ನು ಇಲ್ಲಿ 'ಹಜರತ್' ಅನ್ನುತ್ತಾರೆ. ಮಕ್ಕಳಿಗೆ ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ. ನಮ್ಮದು ಬ್ಯಾರಿ ನಾಲಗೆ. ಆದರೂ ಮಕ್ಕಳು ಮಕ್ಕಳೇ, ಹೊಂದಿಕೊಂಡೆವು.

ಅವರಲ್ಲಿ ಒಬ್ಬ ಹುಡುಗನ ವಿಷಯ ಇಲ್ಲಿ ಬರೆಯಬೇಕು. ಹೆಸರು ಬೇಡ. ಎಂಟು ವರ್ಷದವನು. ನಾವು ಒಂದು ಅಕ್ಷರ ಹೇಳಿಕೊಟ್ಟರೆ ಅವನು ಇನ್ನೊಂದು ಹೇಳುತ್ತಿದ್ದ. 'ಸೀನ್' ಅಂದರೆ ನಮ್ಮ ಬಾಯಿಯನ್ನೇ ನೋಡುತ್ತಾ ಕೂರುತ್ತಿದ್ದ. ಕರೆದರೆ ತಿರುಗುತ್ತಿರಲಿಲ್ಲ. ಮೊಂಡ ಅಂದುಕೊಂಡೆವು. ಬೈದೆವು, ಒಂದೆರಡು ಸಲ ಬೆತ್ತವನ್ನೂ ಎತ್ತಿದೆವು. ಕೊನೆಗೆ ಹಿಂದಿನ ಸಾಲಿನಲ್ಲಿ ಕೂರಿಸಿ ನಮ್ಮ ಪಾಡಿಗೆ ನಾವು ಪಾಠ ಮುಂದುವರಿಸಿದೆವು. ಹೀಗೇ ಎರಡು ವರ್ಷ ಕಳೆಯಿತು.

ಒಂದು ಸಂಜೆ ಮದ್ರಸ ಬಿಟ್ಟಾಗ ಓಣಿಯಲ್ಲಿ ಹಿಂದಿನಿಂದ ಟ್ರ್ಯಾಕ್ಟರ್ ಬಂತು. ಚಾಲಕ ಹಾರ್ನ್ ಹೊಡೆದೇ ಹೊಡೆದ. ಉಳಿದ ಮಕ್ಕಳೆಲ್ಲ ಬದಿಗೆ ಓಡಿದರು. ಅವನು ಮಾತ್ರ ಚೀಲ ಬೀಸುತ್ತಾ ನಡು ದಾರಿಯಲ್ಲೇ ನಡೆಯುತ್ತಿದ್ದ. ಇನ್ನೊಬ್ಬ ಹುಡುಗ ಓಡಿ ಬಂದು ಅಂಗಿ ಹಿಡಿದು ಎಳೆದ. ಆಗ ನಮಗೆ ಹೊಳೆಯಿತು. ಅವನು ಮೊಂಡನಲ್ಲ, ಅವನಿಗೆ ಕೇಳಿಸುತ್ತಿರಲಿಲ್ಲ.

ಮನೆಗೆ ಹೋದೆವು. ಅವನ ತಾಯಿ ತಲೆಮೇಲಿನ ಸೆರಗು ಸರಿಮಾಡಿಕೊಳ್ಳುತ್ತಾ ಹೇಳಿದರು, "ಸಣ್ಣವಿದ್ದಾಗ ಭಾಳ ಜ್ವರ ಬಂದಿತ್ರೀ ಹಜರತ್. ಅವತ್ತಿಂದ ಕರದ್ರ ಓ ಅನ್ನಂಗಿಲ್ಲ. ಯಾರಿಗಿ ಹೇಳಬೇಕ್ರೀ?" ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಅಕ್ಷರ ಬಲ್ಲ ನಮಗೇ ಗೊತ್ತಿಲ್ಲದ ಮೇಲೆ ಹತ್ತಿ ಬಿಡಿಸಲು ಹೋಗುವ ಆ ತಾಯಿಗೆ ಎಲ್ಲಿಂದ ಗೊತ್ತಿರಬೇಕು?

ಆ ರಾತ್ರಿ ನಿದ್ದೆ ಬರಲಿಲ್ಲ. ಕುರ್‌ಆನಿನ 80ನೇ ಅಧ್ಯಾಯ 'ಅಬಸ'ವನ್ನು ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇವೋ ಲೆಕ್ಕವಿಲ್ಲ. ಕಣ್ಣು ಕಾಣದ ಸಹಾಬಿ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್ (ರ) ಕಲಿಯಬೇಕೆಂದು ಬಂದ ಸಂದರ್ಭದಲ್ಲಿ ಇಳಿದ ಸೂರಾ ಅದು. ಮುಂದೆ ಪ್ರವಾದಿ (ಸ)ರವರು ಅದೇ ಸಹಾಬಿಯನ್ನು ಬಾಂಗ್ ಕೊಡಲು ನೇಮಿಸಿದರು. ತಾವು ಮದೀನಾದಿಂದ ಹೊರಗೆ ಹೋದಾಗ ಜನರಿಗೆ ನಮಾಝ್ ನಿರ್ವಹಿಸುವ ಜವಾಬ್ದಾರಿಯನ್ನೂ ಅವರಿಗೆ ವಹಿಸಿದ್ದರು. ಇದನ್ನೆಲ್ಲ ನಾವು ವಅಳ್‌ನಲ್ಲಿ ಹೇಳಿದವರು. ನಮ್ಮದೇ ತರಗತಿಯ ಹಿಂದಿನ ಸಾಲು ಮಾತ್ರ ನಮಗೆ ಕಾಣಲಿಲ್ಲ.

ಮರುದಿನದಿಂದ ವಿಚಾರಿಸುತ್ತಾ ಹೋದೆವು. ಆಗ ತಿಳಿದದ್ದನ್ನು ಓದುಗರ ಮುಂದೆ ಇಡುತ್ತೇವೆ, ಯಾಕೆಂದರೆ ಇದು ಕಡೇಚೂರಿಗೆ ಮಾತ್ರವಲ್ಲ, ಕರಾವಳಿಗೂ ಅನ್ವಯಿಸುತ್ತದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಎಂಬುದೊಂದಿದೆ. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಹೊಸತರಲ್ಲಿ 21 ಇವೆ. ಕಣ್ಣು, ಕಿವಿ, ಕೈಕಾಲು ಮಾತ್ರವಲ್ಲ. ಆಟಿಸಂ, ಬುದ್ಧಿಮಾಂದ್ಯ, ಓದು ಬರಹದಲ್ಲಿ ಅಕ್ಷರ ಅದಲುಬದಲಾಗುವಂಥ ಕಲಿಕಾ ತೊಂದರೆಯೂ ಸೇರಿದೆ. ನಾವು 'ದಡ್ಡ' ಅಂತ ಮೂಲೆಗೆ ತಳ್ಳಿದ ಎಷ್ಟೋ ಮಕ್ಕಳು ಈ ಕೊನೆಯ ಗುಂಪಿನವರು ಇರಬಹುದು. ವೈಕಲ್ಯ ಶೇ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಆ ಮಗುವಿನ ಹಕ್ಕು. ಹತ್ತಿರದ ಸಾಮಾನ್ಯ ಶಾಲೆಯೋ ವಿಶೇಷ ಶಾಲೆಯೋ ಎಂಬುದನ್ನು ಮನೆಯವರು ಆರಿಸಬಹುದು. ತೀವ್ರ ವೈಕಲ್ಯವಿದ್ದು ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಕಲಿಯುವ ಅವಕಾಶವನ್ನು ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಕೊಟ್ಟಿದೆ.

ಹಾಗಾದರೆ ಆ ತಾಯಿ ಕೇಳಿದಂತೆ, ಯಾರಿಗೆ ಹೇಳಬೇಕು? ಮೊದಲು ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರಿಗೆ. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿ.ಐ.ಇ.ಆರ್.ಟಿ. ಎಂಬ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಅವರನ್ನು ಕರೆಸಿ ಅಂತ ಕೇಳಬೇಕು. ಎರಡನೆಯದು ಗ್ರಾಮ ಪಂಚಾಯತ್. ಅಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿ.ಆರ್.ಡಬ್ಲ್ಯು. ಇರುತ್ತಾರೆ. ಯು.ಡಿ.ಐ.ಡಿ. ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಲು ಅವರ ಸಹಾಯ ಕೇಳಬಹುದು. ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರು ಪರೀಕ್ಷಿಸಿ ಶೇಕಡಾವಾರು ನಿಗದಿ ಮಾಡುತ್ತಾರೆ. ಮಾಸಾಶನ, ವಿದ್ಯಾರ್ಥಿವೇತನ, ಸಾಧನ ಸಲಕರಣೆ, ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ಸಹಾಯ, ಹೀಗೆ ಏನು ಕೇಳಬೇಕಿದ್ದರೂ ಆ ಕಾಗದ ಬೇಕಾಗುತ್ತದೆ.

ಕೇಳಲು ಸುಲಭ, ನಡೆಯುವುದು ಸುಲಭವಲ್ಲ. ಒಂದು ಕಚೇರಿಯಲ್ಲಿ "ನಾಳೆ ಬನ್ನಿ" ಅಂದರು, ಇನ್ನೊಂದು ಸಲ ಆಧಾರ್‌ನಲ್ಲಿ ಹೆಸರಿನ ಅಕ್ಷರ ತಪ್ಪು ಅಂತ ವಾಪಸ್ ಕಳಿಸಿದರು. ಒಂದು ದಿನ ಹೋದರೆ ಆ ತಾಯಿಗೆ ಒಂದು ದಿನದ ಕೂಲಿ ಹೋಯಿತು. ಮೂರನೇ ಸಲ "ಸಾಕ್ರೀ ಹಜರತ್, ಅವನ ನಸೀಬ ಇಷ್ಟೇ" ಅಂದುಬಿಟ್ಟರು. "ನಸೀಬು ಅಲ್ಲಾಹನ ಕೈಯಲ್ಲಿದೆ ಅಮ್ಮಾ, ಅರ್ಜಿ ನಮ್ಮ ಕೈಯಲ್ಲಿದೆ" ಅಂದೆವು. ನಾಲ್ಕನೇ ಸಲ ಕೆಲಸ ಆಯಿತು.

ಈಗ ಅವನ ಕಿವಿಯಲ್ಲಿ ಶ್ರವಣ ಸಾಧನ ಇದೆ. ಪವಾಡವೇನೂ ಆಗಿಲ್ಲ. ಕೆಲವು ದಿನ ಕಿರಿಕಿರಿ ಅಂತ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾನೆ. ಸೆಲ್ ಮುಗಿದರೆ ಹೊಸತು ಬರಲು ವಾರ ಹಿಡಿಯುತ್ತದೆ. ಹೋಗಿಹೋದ ವರ್ಷಗಳ ಮಾತು ಒಂದೇ ದಿನಕ್ಕೆ ಬರುವುದಿಲ್ಲ. ಕಿವಿಯ ದೋಷ ಎಷ್ಟು ಬೇಗ ಪತ್ತೆಯಾದರೆ ಮಾತು ಕಲಿಯುವುದು ಅಷ್ಟು ಸುಲಭ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಹಸುಗೂಸುಗಳ ಕಿವಿಯನ್ನೂ ಪರೀಕ್ಷಿಸುತ್ತಾರೆ. ನಾವು ಎರಡು ವರ್ಷ ಬೆತ್ತ ಹಿಡಿದು ಕಳೆದೆವು.

ನಮ್ಮ ಮದ್ರಸದಲ್ಲಿ ಬದಲಾದದ್ದು ಸಣ್ಣ ಸಣ್ಣ ವಿಷಯಗಳು. ಅವನು ಈಗ ಮುಂದಿನ ಸಾಲಿನಲ್ಲಿ, ಕಿಟಕಿಗೆ ಬೆನ್ನು ಹಾಕಿ ಕೂರುತ್ತಾನೆ, ಬೆಳಕು ನಮ್ಮ ಮುಖದ ಮೇಲೆ ಬೀಳಲಿ ಅಂತ. ಬೋರ್ಡಿನ ಕಡೆ ತಿರುಗಿ ಮಾತಾಡುವ ಅಭ್ಯಾಸವನ್ನು ಬಿಟ್ಟಿದ್ದೇವೆ. ಬಾಯಿಪಾಠ ಒಪ್ಪಿಸುವ ಬದಲು ಬರೆದು ತೋರಿಸಿದರೂ ಪಾಸು. ಅವನ ಅಕ್ಷರ ಇಡೀ ತರಗತಿಯಲ್ಲೇ ಚಂದ ಅಂತ ಆಗಲೇ ನಮಗೆ ಗೊತ್ತಾದದ್ದು. ಇದಕ್ಕೆಲ್ಲ ಒಂದು ಪೈಸೆ ಖರ್ಚಾಗಿಲ್ಲ.

ಈಗ ಊರಿನ ಮಾತು. ಮಂಗಳೂರಿನಲ್ಲಿ ಸಂತ ಆ್ಯಗ್ನೆಸ್ ವಿಶೇಷ ಶಾಲೆ, ಶಕ್ತಿನಗರದ ಸಾನಿಧ್ಯದಂಥ ಶಾಲೆಗಳಿವೆ. ಕಡೇಚೂರಿನವರಿಗೆ ಅದು ಕನಸು. ಆದರೂ ರಜೆಯಲ್ಲಿ ಬಂದಾಗ ನಮ್ಮ ಬ್ಯಾರಿ ಮನೆಗಳಲ್ಲಿ ಒಳಕೋಣೆಯಲ್ಲೇ ಉಳಿದ ಮಕ್ಕಳನ್ನು ನೋಡುತ್ತೇವೆ. ನೆಂಟರು ಬಂದರೆ ಬಾಗಿಲು ಎಳೆದುಕೊಳ್ಳುತ್ತದೆ. ಅಕ್ಕತಂಗಿಯರ ಮದುವೆ ಮಾತುಕತೆಗೆ ಅಡ್ಡಿಯಾದೀತು ಅಂತ ಹೆದರಿಕೆ. ಇಲ್ಲಿ ದಾರಿ ದೂರ ಅಂತ ಮಗು ಹಿಂದುಳಿಯುತ್ತದೆ, ಅಲ್ಲಿ ದಾರಿ ಹತ್ತಿರ ಇದ್ದೂ ನಾಚಿಕೆಯಿಂದ ಹಿಂದುಳಿಯುತ್ತದೆ. ಎರಡರಲ್ಲಿ ಯಾವುದು ಹೆಚ್ಚು ಕಷ್ಟ?

ಜಮಾಅತ್ ಕಮಿಟಿಯವರಲ್ಲಿ ನಮ್ಮದೊಂದು ವಿನಂತಿ. ಮಸೀದಿಗೆ ಟೈಲ್ಸ್ ಹಾಕುವಾಗ ಜೊತೆಗೊಂದು ಇಳಿಜಾರು ದಾರಿಯನ್ನೂ ಮಾಡಿಸಿ. ವರ್ಷಕ್ಕೊಮ್ಮೆ ಮದ್ರಸದ ಎಲ್ಲ ಮಕ್ಕಳ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಮಹಲ್ಲ್‌ನಲ್ಲಿ ಇಂಥ ಮಕ್ಕಳು ಎಷ್ಟಿದ್ದಾರೆ, ಎಷ್ಟು ಮಂದಿಗೆ ಕಾರ್ಡ್ ಆಗಿದೆ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ವರಿಸಂಖ್ಯೆ ಪುಸ್ತಕ ಇಡುತ್ತೀರಲ್ಲ, ಅದರ ಪಕ್ಕದಲ್ಲೇ ಇರಲಿ. ಕಚೇರಿಗೆ ಒಬ್ಬ ತಾಯಿ ಒಂಟಿಯಾಗಿ ಅಲೆಯುವ ಬದಲು ಕಮಿಟಿಯ ಒಬ್ಬರು ಜೊತೆಗೆ ಹೋಗಿ.

ನಮ್ಮ ಹುಡುಗನ ತಂದೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವವರು. ಸುಗ್ಗಿ ಮುಗಿದ ಮೇಲೆ ಇಡೀ ಮನೆಯೇ ಹೋಗುವ ಮಾತಿದೆ. ಹೋದರೆ ಶಾಲೆ ತಪ್ಪುತ್ತದೆ, ಸೆಲ್ ತಂದುಕೊಡುವವರಿಲ್ಲ. ಅವನನ್ನು ಅಜ್ಜಿಯ ಜೊತೆ ಇಲ್ಲೇ ಬಿಡಿ ಅಂತ ಕೇಳಿದ್ದೇವೆ. "ನೋಡಾಮ್ರೀ" ಅಂದಿದ್ದಾರೆ. ಇನ್ನೂ ತೀರ್ಮಾನ ಆಗಿಲ್ಲ.

ಮೊನ್ನೆ ಹಾಜರಿ ಕರೆಯುವಾಗ ಅವನ ಹೆಸರು ಬಂತು. ಅವನು ತಲೆ ಎತ್ತಿ, ಸ್ವಲ್ಪ ಜೋರಾಗಿಯೇ "ಹಾಜಿರ್" ಅಂದ. ಮಕ್ಕಳು ನಕ್ಕರು, ಅವನೂ ನಕ್ಕ. ನಾವು ಪುಸ್ತಕದಲ್ಲಿ ಗುರುತು ಹಾಕಿದೆವು.