ಸೂರ್ಯಶಕ್ತಿಯೂ ಗೃಹದ ಅತ್ಯವಶ್ಯಗಳೂ

ಸಹ್ಯಾದ್ರಿಯ ಮಗ್ಗುಲಿನ ಮಲೆನಾಡಿನಲ್ಲಿ ಆಷಾಢ ಶ್ರಾವಣಗಳ ಮಳೆ ಹಿಡಿಯಿತೆಂದರೆ, ಗಾಳಿಗೆ ಮರಗಳು ಉರುಳಿ, ತಂತಿಗಳು ಹರಿದು, ಕೆಲವೊಮ್ಮೆ ಹಲವು ದಿನಗಳ ಪರ್ಯಂತ ವಿದ್ಯುತ್ತು ಬಾರದಿರುವುದು ಆ ಸೀಮೆಯವರೆಲ್ಲರೂ ಬಲ್ಲ ಸಂಗತಿ. 1902ರಲ್ಲಿಯೇ ಶಿವನಸಮುದ್ರದ ಜಲಶಕ್ತಿಯನ್ನು ವಿದ್ಯುತ್ತಾಗಿ ಮಾರ್ಪಡಿಸಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದ ಕೀರ್ತಿ ನಮ್ಮ ನಾಡಿಗಿದ್ದರೂ, ಅಡಕೆ ತೋಟದ ನಡುವಣ ಒಂಟಿ ಮನೆಯೊಂದಕ್ಕೆ ಕಾಡನ್ನು ಹಾದುಬರುವ ತಂತಿಯ ಕ್ಷೇಮವು ಇಂದಿಗೂ ಮಳೆಗಾಳಿಗಳ ಅಧೀನದಲ್ಲಿಯೇ ಇದೆ. ಆದಕಾರಣ ಮನೆಯ ಮಾಡಿನ ಮೇಲೆ ಸೂರ್ಯಶಕ್ತಿಯ ಫಲಕಗಳನ್ನು ಇರಿಸಿ, ಆಪತ್ಕಾಲಕ್ಕೆ ಒದಗುವ ವಿದ್ಯುತ್ತನ್ನು ತಾವೇ ಉತ್ಪಾದಿಸಿಕೊಳ್ಳಬೇಕೆಂಬ ಅಪೇಕ್ಷೆ ಗೃಹಸ್ಥರಲ್ಲಿ ಹುಟ್ಟುವುದು ಸಹಜವೂ ಸ್ತುತ್ಯವೂ ಆಗಿದೆ.

ಬೆಳಕು ಬಿದ್ದೊಡನೆ ಕೆಲವು ಪದಾರ್ಥಗಳಲ್ಲಿ ವಿದ್ಯುತ್ತು ಹುಟ್ಟುವುದೆಂಬುದನ್ನು 1839ರಲ್ಲಿ ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ ಕಂಡುಕೊಂಡನು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ವಿಜ್ಞಾನಿಗಳು ರಚಿಸಿದ ಸಿಲಿಕಾನ್ ಕೋಶವು ತನ್ನ ಮೇಲೆ ಬಿದ್ದ ಬೆಳಕಿನ ಶೇಕಡ 6ರಷ್ಟನ್ನು ವಿದ್ಯುತ್ತಾಗಿ ಪರಿವರ್ತಿಸಿತು. ಇಂದು ಪೇಟೆಯಲ್ಲಿ ದೊರೆಯುವ ಒಳ್ಳೆಯ ಫಲಕಗಳು ಶೇಕಡ 20ನ್ನು ಮೀರಿವೆ. ಉಪಕರಣವು ಹೀಗೆ ಪರಿಣತವಾಗಿರುವಾಗ, ಅದನ್ನು ಅಳವಡಿಸಿಕೊಂಡ ಮನೆಯಲ್ಲಿ ಕೊರತೆ ಕಾಣಿಸಿಕೊಂಡರೆ ಅದರ ಮೂಲವು ಬಹುಮಟ್ಟಿಗೆ ಲೆಕ್ಕದಲ್ಲಿಯೇ ಇರುತ್ತದೆ. ಫಲಕವೆಷ್ಟು, ಬ್ಯಾಟರಿಯೆಷ್ಟು ಎಂಬ ಪ್ರಶ್ನೆಗಳಿಂದ ಆರಂಭಿಸುವವರು ಕೊನೆಯ ಮೆಟ್ಟಿಲನ್ನು ಮೊದಲು ಏರಹೊರಟವರು. ಮೊದಲು ಕೇಳಬೇಕಾದ ಪ್ರಶ್ನೆ, ವಿದ್ಯುತ್ತು ಇಲ್ಲದ ದಿನದಲ್ಲಿ ಈ ಮನೆಗೆ ಯಾವುದು ಇಲ್ಲದೆ ನಡೆಯದು ಎಂಬುದು.

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಎರಡು ಪರಿಮಾಣಗಳ ಭೇದವನ್ನು ಮನಗಾಣಬೇಕು. ಒಂದು ಕ್ಷಣದಲ್ಲಿ ಉಪಕರಣವು ಸೆಳೆಯುವ ಸಾಮರ್ಥ್ಯವು ವ್ಯಾಟ್. ಅದನ್ನು ಬಳಸಿದ ಗಂಟೆಗಳಿಂದ ಗುಣಿಸಿದರೆ ಬರುವುದು ವ್ಯಾಟ್-ಗಂಟೆ. ಅಂತಹ 1000 ವ್ಯಾಟ್-ಗಂಟೆಗಳೇ ನಾವು ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್ಟು. ಚಟ್ನಿ ಅರೆಯುವ 750 ವ್ಯಾಟಿನ ಮಿಕ್ಸಿಯು ನಾಲ್ಕು ನಿಮಿಷ ತಿರುಗಿದರೆ ವ್ಯಯವಾಗುವುದು ಕೇವಲ 50 ವ್ಯಾಟ್-ಗಂಟೆ. ರಾತ್ರಿಯೆಲ್ಲ ಸದ್ದಿಲ್ಲದೆ ತಿರುಗುವ 75 ವ್ಯಾಟಿನ ಹಳೆಯ ಫ್ಯಾನು ಎಂಟು ಗಂಟೆಗಳಲ್ಲಿ 600 ವ್ಯಾಟ್-ಗಂಟೆಗಳನ್ನು ಕಬಳಿಸುತ್ತದೆ. ಮಿಕ್ಸಿಯು ಇನ್ವರ್ಟರಿನ ಬಲವನ್ನು ಪರೀಕ್ಷಿಸಿದರೆ, ಫ್ಯಾನು ಬ್ಯಾಟರಿಯ ಸಂಗ್ರಹವನ್ನು ಪರೀಕ್ಷಿಸುತ್ತದೆ.

ಒಂದು ಸಾಧಾರಣ ಕುಟುಂಬದ ಪಟ್ಟಿಯನ್ನು ತೆಗೆದುಕೊಳ್ಳೋಣ. 9 ವ್ಯಾಟಿನ ನಾಲ್ಕು ಎಲ್ಇಡಿ ದೀಪಗಳು ಐದು ಗಂಟೆ ಉರಿದರೆ 180, 30 ವ್ಯಾಟಿನ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನುಗಳೆರಡು ಎಂಟು ಗಂಟೆ ತಿರುಗಿದರೆ 480, 10 ವ್ಯಾಟಿನ ವೈಫೈ ಪೆಟ್ಟಿಗೆಗೆ ಹನ್ನೆರಡು ಗಂಟೆಗೆ 120, ಮೊಬೈಲುಗಳಿಗೆ 40, 60 ವ್ಯಾಟಿನ ಟಿವಿಗೆ ಎರಡು ಗಂಟೆಗೆ 120, ಒಟ್ಟು 940 ವ್ಯಾಟ್-ಗಂಟೆ. ಇದಕ್ಕೆ ದಿನಕ್ಕೆ ಸುಮಾರು ಒಂದು ಯೂನಿಟ್ಟು ಬೇಡುವ ಫ್ರಿಜ್ಜೊಂದನ್ನು ಸೇರಿಸಿದರೆ ಲೆಕ್ಕವು ಒಮ್ಮೆಲೇ ಇಮ್ಮಡಿಯನ್ನೂ ದಾಟುತ್ತದೆ. ಅಲ್ಲದೆ ಅದರ ಕಂಪ್ರೆಸರು ಹೊರಡುವ ಕ್ಷಣದಲ್ಲಿ ಸೆಳೆಯುವ ವಿದ್ಯುತ್ತು ಅದು ನಡೆಯುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚಾಗಿರುವುದರಿಂದ, ಇನ್ವರ್ಟರು ಆ ಕ್ಷಣಿಕ ಭಾರವನ್ನೂ ತಾಳುವಂತಿರಬೇಕು. ನೀರೆತ್ತುವ ಪಂಪು, ಗೀಸರು, ಇಸ್ತ್ರಿಪೆಟ್ಟಿಗೆಗಳನ್ನು ಈ ಪಟ್ಟಿಯಿಂದ ಹೊರಗಿಟ್ಟು, ಕರೆಂಟು ಇರುವಾಗಲೇ ತೊಟ್ಟಿಯನ್ನು ತುಂಬಿಸಿಕೊಳ್ಳುವುದು ವಿವೇಕ.

ಫ್ರಿಜ್ಜನ್ನು ಬಿಟ್ಟ ಮನೆಯ ಲೆಕ್ಕವನ್ನೇ ಮುಂದುವರಿಸುವುದಾದರೆ, ಇನ್ವರ್ಟರಿನಲ್ಲಿ ಶೇಕಡ 15ರಷ್ಟು ನಷ್ಟವಾಗುವುದೆಂದಿಟ್ಟುಕೊಂಡಾಗ ಬ್ಯಾಟರಿಯು ಕೊಡಬೇಕಾದುದು ಸುಮಾರು 1,100 ವ್ಯಾಟ್-ಗಂಟೆ. ಬ್ಯಾಟರಿಯಾದರೋ ಕಣಜದಂತೆ; ತಾನಾಗಿ ಏನನ್ನೂ ಬೆಳೆಯದೆ, ತುಂಬಿದ್ದನ್ನು ಕಾಪಾಡಿ ಕೊಡುತ್ತದೆ. ಸೀಸ-ಆಮ್ಲದ ಬ್ಯಾಟರಿಯನ್ನು ಪ್ರತಿದಿನವೂ ಅರ್ಧಕ್ಕಿಂತ ಕೆಳಗೆ ಬರಿದು ಮಾಡಿದರೆ ಅದರ ಆಯುಸ್ಸು ಕ್ಷೀಣಿಸುವುದರಿಂದ, ಅಗತ್ಯದ ಎರಡರಷ್ಟು, ಅಂದರೆ 12 ವೋಲ್ಟಿನ 200 ಆಂಪಿಯರ್-ಗಂಟೆಯ ಬ್ಯಾಟರಿಯೊಂದು ಬೇಕಾಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬಗೆಯದನ್ನು ಶೇಕಡ 80ರವರೆಗೆ ನಿರಾತಂಕವಾಗಿ ಬಳಸಬಹುದಾದ್ದರಿಂದ ಸುಮಾರು 1,400 ವ್ಯಾಟ್-ಗಂಟೆಯದು ಸಾಕು. ಬೆಲೆ ಅಧಿಕವಾದರೂ ಅದರ ಬಾಳಿಕೆಯೂ ಅಧಿಕ. ಸೀಸದ ಬ್ಯಾಟರಿಗೆ ಕಾಲಕಾಲಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಚಾರ್ಜಾಗುವಾಗ ಅದರಿಂದ ಬೆಂಕಿ ಹತ್ತಬಲ್ಲ ಜಲಜನಕವು ಹೊರಡುವುದರಿಂದ, ಮುಚ್ಚಿದ ಕೋಣೆಯಲ್ಲಾಗಲಿ ಮಂಚದ ಕೆಳಗಾಗಲಿ ಇರಿಸದೆ ಗಾಳಿಯಾಡುವೆಡೆಯಲ್ಲಿ ಇರಿಸಬೇಕು.

ಫಲಕದ ಲೆಕ್ಕದಲ್ಲಿಯೇ ಮಲೆನಾಡಿನ ನಿಜವಾದ ಕ್ಲೇಶವು ಗೋಚರಿಸುವುದು. ನಿರಭ್ರವಾದ ಬೇಸಗೆಯ ದಿನದಲ್ಲಿ ನಮ್ಮ ನಾಡಿನ ಫಲಕಕ್ಕೆ ಪೂರ್ಣ ಪ್ರಖರ ಬಿಸಿಲಿನ ಐದು ಗಂಟೆಗಳಿಗೆ ಸಮನಾದ ಬೆಳಕು ಲಭಿಸುವುದೆಂದೂ, ಶಾಖ, ಧೂಳು, ತಂತಿ, ಚಾರ್ಜು ಇವುಗಳಿಂದಾಗಿ ಅದರಲ್ಲಿ ಕಾಲುಭಾಗ ನಷ್ಟವಾಗುವುದೆಂದೂ ಎಣಿಸಿದರೆ, 300 ವ್ಯಾಟಿನ ಫಲಕವೊಂದು ಈ ಮನೆಗೆ ಸಾಕು. ಆದರೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುವ ಆಗುಂಬೆಯಂತಹ ನೆಲದಲ್ಲಿ, ಕರೆಂಟು ಹೋಗುವ ತಿಂಗಳೂ ಸೂರ್ಯನು ಮರೆಯಾಗುವ ತಿಂಗಳೂ ಒಂದೇ. ಆಗ ಬೆಳಕು ಎರಡೂವರೆ ಗಂಟೆಗಳಿಗೆ ಸಮನಾಗಿ ಇಳಿಯಿತೆಂದರೆ ಬೇಕಾಗುವುದು 600 ವ್ಯಾಟು. ಅದಕ್ಕೂ ಇಳಿದ ದಿನಗಳಿಗಾಗಿ, ಲಭ್ಯವಿದ್ದಾಗ ಲೈನಿನಿಂದಲೂ ಬ್ಯಾಟರಿಯನ್ನು ತುಂಬಿಕೊಳ್ಳುವ ಹೈಬ್ರಿಡ್ ಇನ್ವರ್ಟರೂ, ಎರಡು ದಿನಗಳಿಗಾಗುವಷ್ಟು ಸಂಗ್ರಹವೂ ಇರುವುದು ಉತ್ತಮ. ಚೈತ್ರದ ಬಿಸಿಲನ್ನು ನಂಬಿ ಶ್ರಾವಣಕ್ಕೆ ಯೋಜಿಸತಕ್ಕದ್ದಲ್ಲ.

ಫಲಕವು ದಕ್ಷಿಣಾಭಿಮುಖವಾಗಿ, ಊರಿನ ಅಕ್ಷಾಂಶಕ್ಕೆ ಸಮೀಪವಾದ 13ರಿಂದ 15 ಅಂಶಗಳಷ್ಟು ಓರೆಯಾಗಿದ್ದರೆ ಬಿಸಿಲು ಚೆನ್ನಾಗಿ ದೊರೆಯುವುದಲ್ಲದೆ ಮಳೆಯೇ ಧೂಳನ್ನು ತೊಳೆಯುತ್ತದೆ. ಕೋಶಗಳು ಸಾಲಾಗಿ ಜೋಡಣೆಗೊಂಡಿರುವುದರಿಂದ ಅಡಕೆಯ ಒಂದು ಸೋಗೆಯ ನೆರಳು ಕೂಡ ತನ್ನ ವಿಸ್ತೀರ್ಣಕ್ಕೆ ಮೀರಿದ ನಷ್ಟವನ್ನು ಉಂಟುಮಾಡಬಲ್ಲುದು. ಆದುದರಿಂದ ಮಾಡಿಗಿಂತ ಅಂಗಳದ ಕಂಬವೇ ಯುಕ್ತವಾದ ಸ್ಥಳವಾಗಿರಲೂಬಹುದು.

ಮತ್ತೊಂದು ಮುಖ್ಯ ವಿಚಾರವನ್ನು ವಾಚಕರು ಗಮನಿಸಬೇಕು. 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯ ಮೂಲಕ ಅನೇಕ ಮನೆಗಳ ಮೇಲೆ ಏರಿರುವ, ಬ್ಯಾಟರಿಯಿಲ್ಲದೆ ಲೈನಿಗೆ ಜೋಡಿಸಿದ ಸೋಲಾರು ಬಿಲ್ಲನ್ನು ತಗ್ಗಿಸುತ್ತದೆಯೇ ಹೊರತು ಕರೆಂಟು ಹೋದಾಗ ದೀಪವನ್ನು ಉರಿಸುವುದಿಲ್ಲ. ಸತ್ತಿದೆಯೆಂದು ನಂಬಿ ತಂತಿಯನ್ನು ಮುಟ್ಟುವ ಲೈನ್‌ಮನ್‌ನ ಪ್ರಾಣರಕ್ಷಣೆಗಾಗಿ, ಲೈನು ನಿಂತೊಡನೆ ಅದರ ಇನ್ವರ್ಟರೂ ನಿಲ್ಲುವಂತೆ ರಚಿತವಾಗಿದೆ. ಇದನ್ನರಿಯದೆ ಹಣ ತೆತ್ತವರಿಗೆ ಪ್ರಥಮ ಮಳೆಗಾಲದಲ್ಲಿಯೇ ನಿರಾಶೆ ಕಾದಿರುತ್ತದೆ.

ಇಷ್ಟೆಲ್ಲದರ ಸಾರವು ಯಾವುದೆಂದರೆ, ಉಪಯೋಗದಲ್ಲಿ ಉಳಿಸಿದ ಒಂದೊಂದು ವ್ಯಾಟ್-ಗಂಟೆಯೂ ಸೀಸದ ಬ್ಯಾಟರಿಯಲ್ಲಿ ಎರಡಾಗಿ ಉಳಿಯುತ್ತದೆ, ಫಲಕದಲ್ಲಿಯೂ ಉಳಿಯುತ್ತದೆ. ಆದ್ದರಿಂದ ಹಳೆಯ ಫ್ಯಾನನ್ನು ಬದಲಿಸುವುದೇ ಸೂರ್ಯಶಕ್ತಿಯ ಯೋಜನೆಯಲ್ಲಿ ಅತ್ಯಂತ ಲಾಭದಾಯಕವಾದ ಮೊದಲ ವೆಚ್ಚ. ಆದರೆ ಮಿತವ್ಯಯಕ್ಕೂ ಒಂದು ಎಲ್ಲೆಯುಂಟು. ಇನ್ಸುಲಿನ್ನನ್ನು ತಂಪಾಗಿಡಬೇಕಾದ ಮನೆಯಲ್ಲಿ ಫ್ರಿಜ್ಜು ಭೋಗವಸ್ತುವಲ್ಲ. 300 ವ್ಯಾಟಿನ ಆಮ್ಲಜನಕ ಯಂತ್ರವು ಅಹೋರಾತ್ರಿ ನಡೆಯಬೇಕಾದ ಮನೆಗೆ ದಿನಕ್ಕೆ ಏಳು ಯೂನಿಟ್ಟಿಗೂ ಹೆಚ್ಚು ಬೇಕಾಗುವುದರಿಂದ, ಅಲ್ಲಿ ಸೋಲಾರಿನ ಜೊತೆಗೆ ಸಿಲಿಂಡರನ್ನೂ ಜನರೇಟರನ್ನೂ ಸಿದ್ಧವಾಗಿರಿಸಿಕೊಳ್ಳತಕ್ಕದ್ದು. ಎಷ್ಟು ಶಕ್ತಿ ಬೇಕೆಂಬುದನ್ನು ಗಣಿತವು ಹೇಳಬಲ್ಲುದು. ಯಾವುದಕ್ಕೆ ಬೇಕೆಂಬುದನ್ನು ಮನೆಯವರೆಲ್ಲರೂ, ವಿಶೇಷವಾಗಿ ವೃದ್ಧರ ಮತ್ತು ರೋಗಿಗಳ ಆರೈಕೆ ಮಾಡುವವರು, ಒಟ್ಟಿಗೆ ಕುಳಿತು ನಿರ್ಧರಿಸಿ, ಆ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಬೇಕು.